ಜಗಳಗಂಟರ ಮನೆಗೆ ಮೀಸೆ ಮೀನು

ಕೋರಿಡೋರಸ್ ಸತ್ತದ್ದು ರಾತ್ರಿ. ಅದನ್ನು ನುಂಗಲು ಹೋದ ಆಸ್ಕರ್ ಸತ್ತದ್ದು ಮರುದಿನ ಮಧ್ಯಾಹ್ನ. ಬೆಳಿಗ್ಗೆ ಟ್ಯಾಂಕಿನ ದೀಪ ಹಾಕಿದಾಗ ಆಸ್ಕರ್ ಬಾಯಿ ತೆರೆದುಕೊಂಡೇ ಮೂಲೆಯಲ್ಲಿ ನಿಂತಿತ್ತು. ಗಂಟಲಿನಿಂದ ಎರಡು ಇಂಚಿನ ಪುಟ್ಟ ಮೀನಿನ ಬಾಲ ಇಣುಕುತ್ತಿತ್ತು. ಒಳಕ್ಕೂ ಹೋಗದು, ಹೊರಕ್ಕೂ ಬಾರದು.

ಕೋರಿಡೋರಸ್ ಸೇರಿದಂತೆ ಕ್ಯಾಟ್‌ಫಿಶ್ ಕುಲದ ಬಹುಪಾಲು ಮೀನುಗಳಿಗೆ ಬೆನ್ನಿನ ಮೇಲೊಂದು, ಎದೆಯ ಅತ್ತಿತ್ತ ಒಂದೊಂದು ಗಟ್ಟಿ ಮುಳ್ಳು ಇರುತ್ತದೆ. ಹೆದರಿದಾಗ ಮೀನು ಆ ಮುಳ್ಳನ್ನು ನಿಗುರಿಸಿ, ಬುಡವನ್ನು ಕೀಲಿನೊಳಗೆ ತುಸು ತಿರುಗಿಸುತ್ತದೆ. ಬಾಗಿಲಿಗೆ ಅಗಣಿ ಹಾಕಿದ ಹಾಗೆ ಮುಳ್ಳು ಅಲ್ಲೇ ನಿಂತುಬಿಡುತ್ತದೆ. ಒಮ್ಮೆ ಬಿಗಿದ ಅಗಣಿ ಮೀನು ಸತ್ತ ಮೇಲೂ ಸುಲಭಕ್ಕೆ ಕಳಚುವುದಿಲ್ಲ. ಅಮೆಜಾನ್ ಹೊಳೆಗಳಲ್ಲಿ ದೊಡ್ಡ ಮೀನುಗಳ ನಡುವೆ ಬದುಕಲು ಚಿಕ್ಕ ಮೀನು ಕಂಡುಕೊಂಡ ಉಪಾಯ ಇದು. ನನ್ನ ಟ್ಯಾಂಕಿನಲ್ಲಿ ಅದು ಇಬ್ಬರನ್ನೂ ಕೊಂದಿತು.

ಆ ಕೋರಿಡೋರಸ್‌ಗಳನ್ನು ನಾನು ತಂದಿದ್ದು ಒಂದು ಮಾತು ನಂಬಿ. “ಕೆಳಗಿನ ಗಲೀಜೆಲ್ಲ ತಿನ್ಕೊಂಡು ಇರುತ್ತೆ ಸಾರ್, ನಿಮಗೆ ಕ್ಲೀನಿಂಗ್ ತಾಪತ್ರಯ ಇರಲ್ಲ.” ಮೀನಿನ ಅಂಗಡಿಗೆ ಹೋದವರೆಲ್ಲ ಕೇಳಿರುವ ಮಾತು. ಹದಿನಾಲ್ಕು ವರ್ಷ ಮೀನು ಸಾಕಿದ ಮೇಲೆ ನನಗೆ ಅನಿಸುವುದು ಇಷ್ಟೆ: ಆಸ್ಕರ್‌ನಂಥ ಸಿಕ್ಲಿಡ್‌ಗಳ ಜೊತೆ ಬಿಡುವ ಕ್ಯಾಟ್‌ಫಿಶ್ ವಿಷಯದಲ್ಲಿ ನಾವು ಮಾಡುವ ತಪ್ಪುಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ. ಕಸ ಗುಡಿಸುವುದಕ್ಕೆಂದು ತಂದ ಮೀನಿಗೆ ಎಷ್ಟು ಜಾಗ ಬೇಕು, ಏನು ಊಟ ಬೇಕು, ಎಷ್ಟುದ್ದ ಬೆಳೆಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಕಳೆದ ತಿಂಗಳು ಮೈಸೂರಿನ ಗೋಕುಲಂನಲ್ಲಿರುವ ಅಕ್ಕನ ಮಗ ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಬಂದವನು ಟ್ಯಾಂಕಿನ ಮುಂದೆ ಕೂತು ಕೇಳಿದ: “ಮಾವ, ನನ್ನ ಆಸ್ಕರ್‌ಗಳ ಜೊತೆ ಯಾವ ಕ್ಯಾಟ್‌ಫಿಶ್ ಬಿಡಬಹುದು? ರೆಡ್‌ಟೇಲ್ ಮರಿ ನೋಡಿದೀನಿ, ಮೂರೇ ಇಂಚು, ತುಂಬಾ ಚೆನ್ನಾಗಿದೆ.” ಅವನಿಗೆ ಅವತ್ತು ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಕೊಂಚ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ಜಗಳಗಂಟರನ್ನು ನೋಡೋಣ. ಸಿಕ್ಲಿಡ್ ಎಂದರೆ ಪರದೇಶದ ಅಲಂಕಾರದ ಮೀನು ಎಂದು ನಾವು ತಿಳಿದಿರುತ್ತೇವೆ. ಮೈಸೂರಿನ ಮೀನಂಗಡಿಯಲ್ಲಿ ಜಿಲೇಬಿ ಎಂದು ಕೊಳ್ಳುವ ತಿಲಾಪಿಯಾ ಕೂಡ ಸಿಕ್ಲಿಡ್ಡೇ. 1952ರಲ್ಲಿ ಹೊರಗಿನಿಂದ ಭಾರತಕ್ಕೆ ತಂದದ್ದು ಇವತ್ತು ನಮ್ಮ ಕೆರೆ, ಜಲಾಶಯಗಳಲ್ಲೆಲ್ಲ ತುಂಬಿಕೊಂಡಿದೆ. ಹೀಗೆ ಬಂದು ನೆಲೆಸಿದ್ದಲ್ಲದೆ ನಮ್ಮವೇ ಆದ ಸಿಕ್ಲಿಡ್‌ಗಳೂ ಇವೆ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ ಮೂರು. ಅವುಗಳಲ್ಲಿ ಒಂದು ದಕ್ಷಿಣ ಕನ್ನಡದ ಹೊಳೆಗಳಲ್ಲಿ ವಾಸಿಸುವ ಎಟ್ರೋಪ್ಲಸ್ ಕೆನರೆನ್ಸಿಸ್. 1877ರಲ್ಲಿ ಫ್ರಾನ್ಸಿಸ್ ಡೇ ಅದನ್ನು ಗುರುತಿಸಿ, ಕೆನರಾ ಸೀಮೆಯ ಹೆಸರನ್ನೇ ಇಟ್ಟ. ನಮ್ಮ ಈ ಮೂರಕ್ಕೂ ಹತ್ತಿರದ ಸಂಬಂಧಿಗಳು ಇರುವುದು ಮಡಗಾಸ್ಕರ್‌ನಲ್ಲಿ. ಭೂಖಂಡಗಳು ಒಂದಾಗಿದ್ದ ಕಾಲದ ಕಥೆಯನ್ನು ಕೈಯಗಲದ ಒಂದು ಮೀನು ಹೊತ್ತುಕೊಂಡಿರಬಹುದು ಎಂದು ನೆನೆದರೆ ಇಂದಿಗೂ ನನಗೆ ರೋಮಾಂಚನವಾಗುತ್ತದೆ.

ಸಿಕ್ಲಿಡ್‌ಗಳು ಜಗಳವಾಡುವುದು ಕೆಟ್ಟ ಸ್ವಭಾವದಿಂದಲ್ಲ. ಅವು ಮೊಟ್ಟೆ ಇಟ್ಟು ಹೋಗಿಬಿಡುವ ಮೀನುಗಳಲ್ಲ. ಕಲ್ಲನ್ನು ಬಾಯಿಂದ ಉಜ್ಜಿ, ಮೊಟ್ಟೆ ಇಟ್ಟು, ಗಂಡು ಹೆಣ್ಣು ಸರದಿಯಲ್ಲಿ ಕಾದು, ಮರಿಗಳನ್ನು ಹಿಂಡಾಗಿ ಮೇಯಿಸುತ್ತವೆ. ಕೆಲವಂತೂ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಊಟ ಬಿಟ್ಟು, ವಾರಗಟ್ಟಲೆ ಕಾಪಾಡುತ್ತವೆ. ಕಾಯಬೇಕಾದ್ದು ಇದ್ದಾಗ ಕಾಯುವ ನೆಲವೂ ಬೇಕು. ಗದ್ದೆಗೆ ಬದು ಇದ್ದಂತೆ ಟ್ಯಾಂಕಿನ ತಳದಲ್ಲಿ ಅವುಗಳಿಗೆ ಗಡಿಗಳಿರುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಈ ಕಲ್ಲಿನಿಂದ ಆ ಕೊರಡಿನವರೆಗೆ ತನ್ನದು ಎಂದು ನಿರ್ಧರಿಸಿದ ಗ್ರೀನ್ ಟೆರರ್ ಎಂಬ ಸಿಕ್ಲಿಡ್ ಆ ಗೆರೆ ದಾಟಿದವರನ್ನು ಅಟ್ಟಿಕೊಂಡು ಹೋಗುತ್ತದೆ. ಗೆರೆಯ ಆಚೆಗೆ ಹೋದರೆ ಸುಮ್ಮನೆ ತಿರುಗಿ ಬರುತ್ತದೆ. ಆರಡಿ ಟ್ಯಾಂಕಿನಲ್ಲಿ ಆಚೆಗೆ ಹೋಗಲು ಜಾಗವಿರುತ್ತದೆ. ಮೂರಡಿಯಲ್ಲಿ ಇರುವುದಿಲ್ಲ. ಅಲ್ಲಿ ಸಾವು ಹೊಡೆತಕ್ಕಿಂತ ಹೆಚ್ಚಾಗಿ ಓಡಲು ದಾರಿಯಿಲ್ಲದೆ ಬರುತ್ತದೆ.

ಇನ್ನೊಂದು ಸಂಗತಿ: ಸಿಕ್ಲಿಡ್‌ಗೆ ಎರಡು ಜೊತೆ ದವಡೆ. ಮುಂದಿನದು ಹಿಡಿಯಲು, ಗಂಟಲಿನೊಳಗಿನದು ಅರೆಯಲು. ಅರೆಯುವ ಕೆಲಸ ಒಳಗೇ ಆಗುವುದರಿಂದ ಮುಂದಿನ ದವಡೆ ಯಾವ ಕೆಲಸಕ್ಕೆ ಬೇಕಾದರೂ ಪಳಗಬಹುದಾಯಿತು ಎಂದು 1973ರಲ್ಲಿ ಕರೆಲ್ ಲೀಮ್ ವಿವರಿಸಿದ. ಮನೆಯ ಟ್ಯಾಂಕಿನಲ್ಲಿ ಇದರ ಅರ್ಥ ಸರಳ: ಆಸ್ಕರ್‌ನ ಬಾಯಿಗೆ ಹಿಡಿಸುವ ಮೀನು ಅದಕ್ಕೆ ಊಟ. ಒಂದಡಿಯವರೆಗೆ ಬೆಳೆಯುವ ಆಸ್ಕರ್ ಬಾಯಿ ತೆರೆದಾಗ ಎಷ್ಟು ಅಗಲವಾಗುತ್ತದೆಂದು ನೋಡಿದವರು ಕೋರಿಡೋರಸ್ ತರುವುದಿಲ್ಲ. ನಾನು ನೋಡಿರಲಿಲ್ಲ.

ಸಿಕ್ಲಿಡ್‌ನ ಕೋಪ ಎಲ್ಲರ ಮೇಲೂ ಒಂದೇ ಸಮ ಇರುವುದಿಲ್ಲ. ತನ್ನದೇ ಜಾತಿಯ ಮೇಲೆ ಅತಿ ಹೆಚ್ಚು. ಬಣ್ಣದಲ್ಲಿ, ಆಕಾರದಲ್ಲಿ, ತಿನ್ನುವ ರೀತಿಯಲ್ಲಿ ತನ್ನನ್ನು ಹೋಲುವವರ ಮೇಲೆ ಆಮೇಲೆ. ಚಪ್ಪಟೆ ಹೊಟ್ಟೆ, ಉದ್ದ ಮೀಸೆ, ಹಗಲೆಲ್ಲ ಪೊಟರೆಯಲ್ಲಿ ಕೂತು ಕತ್ತಲಾದ ಮೇಲೆ ತಳದಲ್ಲೇ ಹರಿದಾಡುವ ಪ್ರಾಣಿಯನ್ನು ಅದು ಪೈಪೋಟಿದಾರ ಎಂದೇ ಎಣಿಸುವುದಿಲ್ಲ. ಕ್ಯಾಟ್‌ಫಿಶ್ ಇಲ್ಲಿ ಗೆಲ್ಲುವುದು ಹೀಗೆ. ಒಂದೇ ಹೊಲದಲ್ಲಿ ಹಗಲಿಗೊಬ್ಬ, ರಾತ್ರಿಗೊಬ್ಬ ಒಕ್ಕಲು ಇದ್ದ ಹಾಗೆ. ಹಾಗಾಗಿ ಕ್ಯಾಟ್‌ಫಿಶ್ ಆರಿಸುವವರು ಅದರ ಜಗಳಾಡುವ ಶಕ್ತಿಯನ್ನು ನೋಡಬೇಕಾಗಿಲ್ಲ. ಅದು ಎಲ್ಲಿ ಅಡಗುತ್ತದೆ, ಸಿಕ್ಕಿಬಿದ್ದರೆ ಹೊಡೆತ ತಡೆಯುವ ಮೈ ಅದಕ್ಕಿದೆಯೇ, ಐದು ವರ್ಷದ ನಂತರ ಎಷ್ಟುದ್ದ ಇರುತ್ತದೆ, ಇವನ್ನು ನೋಡಬೇಕು.

ಆಸ್ಕರ್, ಜಾಕ್ ಡೆಂಪ್ಸಿ, ಗ್ರೀನ್ ಟೆರರ್ ಇಂಥ ಅಮೆರಿಕ ಖಂಡಗಳ ಸಿಕ್ಲಿಡ್‌ಗಳ ಜೊತೆಗೆ ನಾನು ಮೊದಲು ಹೇಳುವ ಹೆಸರು ರಾಫೇಲ್. ಕಪ್ಪು ಮೈಮೇಲೆ ಕೆನೆ ಬಣ್ಣದ ಪಟ್ಟೆ, ಎಂಟು ಇಂಚಿನ ಆಸುಪಾಸು. ಮೈಯ ಎರಡೂ ಪಕ್ಕ ಸಾಲಾಗಿ ಮೂಳೆಯ ಬಿಲ್ಲೆಗಳು, ಒಂದೊಂದು ಬಿಲ್ಲೆಗೂ ಹಿಂದಕ್ಕೆ ಬಾಗಿದ ಒಂದು ಕೊಕ್ಕೆ. ಕಚ್ಚಲು ಬಂದ ಆಸ್ಕರ್ ಒಂದು ಸಲ ಬಾಯಿ ಹಾಕಿದರೆ ಮತ್ತೆ ಹಾಕುವುದಿಲ್ಲ. ಇದನ್ನು ನೀರಿನಿಂದ ಎತ್ತಿದರೆ ಎದೆಯ ಮುಳ್ಳನ್ನು ಕೀಲಿನಲ್ಲಿ ತಿಕ್ಕಿ, ಗಾಳಿಚೀಲವನ್ನು ಅದುರಿಸಿ, ಹಳೆಯ ಬಾಗಿಲು ಕಿರುಗುಟ್ಟಿದಂಥ ಸದ್ದು ಮಾಡುತ್ತದೆ. ಮಾತಾಡುವ ಮೀನು ಎಂದು ಹೆಸರು ಬಂದದ್ದು ಅದಕ್ಕೇ. ಬಲೆಯಲ್ಲಿ ಮಾತ್ರ ಹಿಡಿಯಬಾರದು. ಕೊಕ್ಕೆಗಳೆಲ್ಲ ಬಲೆಗೆ ಸಿಕ್ಕಿಕೊಂಡು, ಬಿಡಿಸಲು ಹೋದರೆ ಮೀನಿಗೂ ಗಾಯ, ಕೈಗೂ ಗಾಯ. ಪ್ಲಾಸ್ಟಿಕ್ ಡಬ್ಬಿಯನ್ನು ನೀರೊಳಗೆ ಅಡ್ಡ ಹಿಡಿದು, ಒಳಗೆ ಬರುವಂತೆ ಮೆಲ್ಲನೆ ಅಟ್ಟಬೇಕು.

ಆಫ್ರಿಕದ ಮಲಾವಿ ಸರೋವರದ ಬಣ್ಣಬಣ್ಣದ ಸಿಕ್ಲಿಡ್‌ಗಳನ್ನು ಸಾಕುವವರಿಗೆ ಸೈನೊಡಾಂಟಿಸ್ ಒಳ್ಳೆಯದು. ಆ ಸರೋವರದ ನೀರು ಗಡಸು, ಪಿಎಚ್ ಎಂಟರ ಆಸುಪಾಸು ಅಥವಾ ಅದಕ್ಕೂ ಮೇಲೆ. ಸೈನೊಡಾಂಟಿಸ್ ಜಾತಿಯ ಹಲವು ಮೀನುಗಳು ಅಂಥ ನೀರಿನವೇ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೆನ್ನಿನ ಮೇಲೆ ಗರಿಯಂಥ ಎತ್ತರದ ರೆಕ್ಕೆ ಇರುವ ಸೈನೊಡಾಂಟಿಸ್ ಯುಪ್ಟೆರಸ್. ಒಂದಡಿಯವರೆಗೂ ಬೆಳೆಯಬಲ್ಲದು, ಗರಗಸದಂಥ ಮುಳ್ಳು, ಸಿಕ್ಲಿಡ್‌ಗೆ ಹೆದರುವ ಜೀವವಲ್ಲ. ದೊಡ್ಡದಾದ ಮೇಲೆ ತನ್ನ ಜಾತಿಯವರನ್ನೇ ಗುಹೆಯಿಂದ ಹೊರದಬ್ಬುವ ಚಾಳಿ ಅದಕ್ಕಿರುವುದರಿಂದ ಒಂದು ಟ್ಯಾಂಕಿಗೆ ಒಂದೇ ಸಾಕು. ಈ ಕುಲದ ಕೆಲವು ಮೀನುಗಳು ಹೊಟ್ಟೆ ಮೇಲಾಗಿ ಈಜುತ್ತವೆ. ಪ್ರಾಚೀನ ಈಜಿಪ್ಟಿನ ಗೋರಿಗಳ ಉಬ್ಬುಚಿತ್ರಗಳಲ್ಲೂ ಅವನ್ನು ತಲೆಕೆಳಗಾಗಿಯೇ ಕೆತ್ತಿದ್ದಾರೆ.

ಸೈನೊಡಾಂಟಿಸ್ ವಿಷಯಕ್ಕೆ ಬಂದ ಮೇಲೆ ಟಾಂಗನೀಕಾ ಸರೋವರದ ಕೋಗಿಲೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಅಲ್ಲಿನ ಸೈನೊಡಾಂಟಿಸ್ ಮಲ್ಟಿಪಂಕ್ಟೇಟಸ್ ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಮೀನು. ಬಾಯಲ್ಲಿ ಮೊಟ್ಟೆ ಕಾಯುವ ಸಿಕ್ಲಿಡ್ ಜೋಡಿ ಮೊಟ್ಟೆ ಇಡುವ ಹೊತ್ತಿಗೆ ಸರಿಯಾಗಿ ಇವು ನುಗ್ಗಿ, ಕೆಲವು ಮೊಟ್ಟೆ ತಿಂದು, ಗಲಿಬಿಲಿಯಲ್ಲಿ ತಮ್ಮ ಮೊಟ್ಟೆಯನ್ನೂ ಸೇರಿಸಿ ಹೋಗುತ್ತವೆ. ಗಾಬರಿಗೊಂಡ ತಾಯಿ ಸಿಕ್ಲಿಡ್ ಎಲ್ಲವನ್ನೂ ಬಾಯಿಗೆ ತುಂಬಿಕೊಳ್ಳುತ್ತದೆ. ಕ್ಯಾಟ್‌ಫಿಶ್ ಮೊಟ್ಟೆಗಳು ಮೊದಲು ಒಡೆಯುತ್ತವೆ; ಆ ಮರಿಗಳು ತಾಯಿಯ ಬಾಯೊಳಗೇ ಸಿಕ್ಲಿಡ್‌ನ ಮೊಟ್ಟೆ, ಮರಿಗಳನ್ನು ತಿಂದು ಬೆಳೆಯುತ್ತವೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಡುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಮೀನಿನಲ್ಲೂ ಹೀಗುಂಟು ಎಂದು ಜಪಾನಿನ ತೆತ್ಸು ಸಾಟೋ 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಲೋಕಕ್ಕೆ ತಿಳಿಯಿತು. ಸಿಕ್ಲಿಡ್ ಮರಿ ಮಾಡಿಸುವ ಆಸೆ ಇರುವವರು ಈ ಮೀನನ್ನು ತರುವ ಮುನ್ನ ಇದು ಗೊತ್ತಿರಲಿ.

ಇನ್ನು ಎಲ್ಲರ ಮನೆಯಲ್ಲೂ ಇರುವ ಸಕ್ಕರ್. ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರುವ, ಕಪ್ಪು ಚುಕ್ಕೆಯ, ಒರಟು ಮೈಯ ಮೀನು. ಮೈ ತುಂಬ ಮೂಳೆಯ ಕವಚ ಇರುವುದರಿಂದ ಸಿಕ್ಲಿಡ್‌ನ ಹೊಡೆತ ತಡೆಯುತ್ತದೆ, ನಿಜ. ಆದರೆ ಕವಚ ಕಣ್ಣನ್ನು ಮುಚ್ಚುವುದಿಲ್ಲ. ಅಡಗಲು ಜಾಗವಿಲ್ಲದ ಬೋಳು ಟ್ಯಾಂಕಿನಲ್ಲಿ ಸಿಕ್ಲಿಡ್‌ಗಳು ಕಣ್ಣು ಕುಕ್ಕಿ ಕುರುಡಾದ ಸಕ್ಕರ್‌ಗಳನ್ನು ನಾನು ಕಂಡಿದ್ದೇನೆ. ಮರಿಯಿದ್ದಾಗ ಗಾಜಿನ ಪಾಚಿ ಮೇಯುವ ಇದು ಬೆಳೆದಂತೆ ಕೆಳಗೆ ಬೀಳುವ ಕಾಳಿನ ಮೇಲೆ ಕಣ್ಣಿಡುತ್ತದೆ. ಸಾಲದಿದ್ದರೆ ರಾತ್ರಿ ಹೊತ್ತು ನಿದ್ದೆಯಲ್ಲಿರುವ ಆಸ್ಕರ್‌ನ ಪಕ್ಕೆಗೆ ಅಂಟಿಕೊಂಡು ಮೈಯ ಲೋಳೆ ಕೆರೆಯುತ್ತದೆ. ಆಮೇಲೆ ಅದು ಹಾಕುವ ಹಿಕ್ಕೆ! ಒಂದೂವರೆ ಅಡಿಯ ಸಕ್ಕರ್ ಇರುವ ಟ್ಯಾಂಕ್ ಅದು ಇಲ್ಲದ ಟ್ಯಾಂಕಿಗಿಂತ ಬೇಗ ಗಲೀಜಾಗುತ್ತದೆ. ಹಾಗೆಂದು ಅದು ಬೇಡವೆನ್ನುವುದಿಲ್ಲ. ಆರಡಿ ಟ್ಯಾಂಕ್, ಒಂದು ದೊಡ್ಡ ಮರದ ಕೊರಡು, ರಾತ್ರಿ ದೀಪ ಆರಿಸಿದ ಮೇಲೆ ಒಂದು ತುಂಡು ಸೌತೆಕಾಯಿ, ಇಷ್ಟು ಕೊಡುವವರು ಸಾಕಬಹುದು. ಚಿಕ್ಕದೇ ಬೇಕೆಂದರೆ ಮೂತಿಯ ಮೇಲೆ ಪೊದೆಯಂತೆ ಮೀಸೆ ಬೆಳೆಯುವ ಬ್ರಿಸಲ್‌ನೋಸ್ ಇದೆ, ಐದಾರು ಇಂಚಿಗೆ ನಿಲ್ಲುತ್ತದೆ. ಕಾನ್ವಿಕ್ಟ್‌ನಂಥ ಚಿಕ್ಕ ಸಿಕ್ಲಿಡ್ ಜೊತೆಗೆ ಸರಿ, ಬೆಳೆದ ಆಸ್ಕರ್ ಜೊತೆಗೆ ಬೇಡ.

ಫ್ಲವರ್‌ಹಾರ್ನ್ ಬಗ್ಗೆ ಒಂದೇ ಮಾತು. ಮನುಷ್ಯರು ಬೆರಕೆ ಮಾಡಿ ಹುಟ್ಟಿಸಿದ, ಹಣೆಯುಬ್ಬಿನ, ಅದೃಷ್ಟ ತರುತ್ತದೆಂದು ಮನೆಗೆ ತರುವ ಆ ಮೀನನ್ನು ಒಂಟಿಯಾಗಿಯೇ ಬಿಡಿ. ಅದರ ಜೊತೆಗೆ ಯಾವ ಮೀನನ್ನು ಬಿಟ್ಟರೂ ಆ ಮೀನಿನ ಜೀವಕ್ಕೆ ಅನ್ಯಾಯ.

ಅಕ್ಕನ ಮಗ ಆಸೆಪಟ್ಟ ರೆಡ್‌ಟೇಲ್‌ಗೆ ಬರೋಣ. ಕಪ್ಪು ಬೆನ್ನು, ಬೆಳ್ಳನೆ ಹೊಟ್ಟೆ, ಕೆಂಪು ಬಾಲ, ಮೂರು ಇಂಚಿನಲ್ಲಿ ಅದಕ್ಕಿಂತ ಚೆಂದದ ಮೀನು ಕಡಿಮೆ. ಅಮೆಜಾನ್, ಒರಿನೋಕೊ ನದಿಗಳ ಆ ಮೀನು ಒಂದು ಮೀಟರಿಗೂ ಮಿಕ್ಕಿ ಬೆಳೆದು 40 ಕಿಲೋ ದಾಟುತ್ತದೆ. ಚೆನ್ನಾಗಿ ತಿಂದರೆ ಮೊದಲ ವರ್ಷದಲ್ಲೇ ಒಂದಡಿ ಮೀರುತ್ತದೆ. ಅಷ್ಟು ಹೊತ್ತಿಗೆ ಕಚ್ಚುವವರು, ಕಚ್ಚಿಸಿಕೊಳ್ಳುವವರು ಅದಲುಬದಲಾಗಿರುತ್ತಾರೆ. ಆಸ್ಕರ್ ಒಂದು ಬೆಳಿಗ್ಗೆ ಟ್ಯಾಂಕಿನಲ್ಲಿ ಇರುವುದಿಲ್ಲ, ರೆಡ್‌ಟೇಲ್‌ನ ಹೊಟ್ಟೆ ಉಬ್ಬಿರುತ್ತದೆ. ಶಾರ್ಕ್ ಎಂದು ಮಾರುವ ಬೆಳ್ಳಿ ಬಣ್ಣದ ಪಂಗಾಸಿಯಸ್ ಕೂಡ ಕ್ಯಾಟ್‌ಫಿಶ್ಷೇ. ಅದೂ ಮೀಟರ್ ದಾಟುತ್ತದೆ. ಹಿಂಡಿನಲ್ಲಿ ಬದುಕುವ ಪುಕ್ಕಲು ಮೀನು, ದೀಪ ಫಕ್ಕನೆ ಹತ್ತಿದರೂ ಸಾಕು, ಗಾಜಿಗೆ ಮೂತಿ ಬಡಿದುಕೊಳ್ಳುತ್ತದೆ. ಆಂಧ್ರದ ಕೊಳಗಳಲ್ಲಿ ಊಟಕ್ಕೆಂದು ರಾಶಿರಾಶಿ ಬೆಳೆಸುವ ಇದೇ ಮೀನು ತನ್ನ ತವರಾದ ಮೆಕಾಂಗ್ ನದಿಯಲ್ಲಿ ಅಳಿವಿನಂಚಿನಲ್ಲಿದೆ.

“ದೊಡ್ಡದಾದ ಮೇಲೆ ಕೆರೆಗೆ ಬಿಟ್ಟರಾಯ್ತಲ್ವಾ ಮಾವ?” ಎಂದ. ಅವನಲ್ಲಿ ಕೇಡಿಲ್ಲ. ಮೀನಿಗೆ ಒಳ್ಳೆಯದಾಗಲಿ ಎಂದೇ ಹೇಳಿದ ಮಾತು ಅದು. ನಮ್ಮ ಬಡಾವಣೆಯಿಂದ ಕುಕ್ಕರಹಳ್ಳಿ ಕೆರೆಗೆ ಬೆಳಗಿನ ವಾಕಿಂಗ್‌ನಲ್ಲಿ ಹೋಗಿಬರಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆ ಕೆರೆಗೆ ಹೆಜ್ಜಾರ್ಲೆ, ನೀರುಕಾಗೆಗಳು ಬರುವುದು ಅಲ್ಲಿ ಮೀನಿರುವುದರಿಂದ. ಅಂಥ ನೀರಿಗೆ ಹೊರಗಿನ ಮೀನು ಸೇರಿದರೆ ಏನಾಗುತ್ತದೆಂದು ಬೇರೆ ಊರುಗಳಲ್ಲಿ ಕಂಡಾಗಿದೆ. ತಿರುವನಂತಪುರದ ಚಾಕ್ಕೈ ಕಾಲುವೆಯಲ್ಲಿ, ಕೋಲ್ಕತ್ತಾದ ಪೂರ್ವದ ಜೌಗು ಭೂಮಿಯಲ್ಲಿ ಮನೆಯ ಟ್ಯಾಂಕುಗಳಿಂದ ತಪ್ಪಿಸಿಕೊಂಡ, ಬಿಟ್ಟುಬಂದ ಸಕ್ಕರ್‌ಗಳು ಸಂಸಾರ ಹೂಡಿ, ದಡದಲ್ಲಿ ಬಿಲ ಕೊರೆದು, ಮೀನುಗಾರರ ಬಲೆ ಹರಿಯುತ್ತಿವೆ. ನಮ್ಮ ಕಾವೇರಿಯಲ್ಲಿ ಬಾಳೆ ಮೀನಿದೆ, ಗಿರ್ಲು ಇದೆ, ಚೇಳು ಮೀನಿದೆ. ಎಲ್ಲವೂ ಮೀಸೆಯ ಕುಲದವೇ. ಅವುಗಳ ಮನೆಗೆ ನಾವು ಅಮೆಜಾನಿನ ಮೀನನ್ನು ಇಳಿಸುವುದು ಬೇಡ. ಸಾಕಲಾಗದ ಮೀನನ್ನು ಅಂಗಡಿಗೆ ವಾಪಸು ಕೊಡಬೇಕು, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ದಾಟಿಸಬೇಕು. ಕೆರೆಗೆ ಮಾತ್ರ ಬಿಡಬಾರದು. ಇದನ್ನು ಹೇಳುವಾಗ ನನ್ನ ದನಿ ಏರಿತ್ತೆಂದು ಮನೆಯವರು ಆಮೇಲೆ ಹೇಳಿದರು.

ದೊಡ್ಡ ಟ್ಯಾಂಕ್ ಎಂದರೆ ಎಷ್ಟು ದೊಡ್ಡದು? ಒಂದು ಜೋಡಿ ಆಸ್ಕರ್, ಒಂದು ಸಕ್ಕರ್ ಅಥವಾ ಒಂದೆರಡು ರಾಫೇಲ್ ಇರಬೇಕಾದರೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂದು ನನ್ನ ಲೆಕ್ಕ. 24 ಘನ ಅಡಿ, ಹತ್ತಿರ ಹತ್ತಿರ 680 ಲೀಟರ್ ನೀರು. ನೀರೇ 680 ಕಿಲೋ. 12 ಮಿಲಿಮೀಟರ್ ಗಾಜು 120 ಕಿಲೋ. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡ್ ಸೇರಿದರೆ 900 ಕಿಲೋ ದಾಟುತ್ತದೆ. ಅದೆಲ್ಲ ಬೀಳುವುದು ಹನ್ನೆರಡು ಚದರಡಿಯ ಮೇಲೆ. ವಾಸದ ಮನೆಯ ನೆಲಕ್ಕೆ ಭಾರತೀಯ ಮಾನಕ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಇಲ್ಲಿ ಅದರ ನಾಲ್ಕು ಪಟ್ಟು. ನಮ್ಮ ಬಡಾವಣೆಯ ಹಳೆಯ ಮನೆಗಳಲ್ಲಿ ಮಹಡಿಯ ಮೇಲೆ ಇಂಥದ್ದನ್ನು ಇಡುವ ಮುನ್ನ ಎಂಜಿನಿಯರೊಬ್ಬರನ್ನು ಕರೆದು ತೋರಿಸಬೇಕು. ನೆಲಮಹಡಿಯಲ್ಲಿ, ಗೋಡೆಗೆ ಒತ್ತಿ, ಕಿಟಕಿಯ ಬಿಸಿಲು ನೇರ ಬೀಳದಲ್ಲಿ ಇಡುವುದು ಉತ್ತಮ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೈಸೂರಿನ ಚಳಿ ಈ ಉಷ್ಣವಲಯದ ಮೀನುಗಳಿಗೆ ಹೆಚ್ಚು. 26 ಡಿಗ್ರಿಗೆ ನಿಲ್ಲಿಸಿದ ಹೀಟರ್ ಬೇಕೇ ಬೇಕು.

ಒಳಗಿನ ವ್ಯವಸ್ಥೆಯಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದದ್ದು ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡುಗಳು. ಕ್ಯಾಟ್‌ಫಿಶ್ ನುಸುಳುವಷ್ಟು ಅಗಲ, ಆಸ್ಕರ್ ನುಗ್ಗಲಾಗದಷ್ಟು ಇಕ್ಕಟ್ಟು. ಮೀನಿಗೊಂದು ಪೈಪ್, ಮೇಲೊಂದು ಹೆಚ್ಚಿಗೆ. ಸಿಕ್ಲಿಡ್‌ಗಳು ಮರಳು ತೋಡುತ್ತವೆ. ಮರಳಿನ ಮೇಲೆ ಕಲ್ಲು ಜೋಡಿಸಿದರೆ ಒಂದು ದಿನ ಕುಸಿದು ಕೆಳಗಿನ ಕ್ಯಾಟ್‌ಫಿಶ್‌ನ ಮೇಲೋ ಗಾಜಿನ ಮೇಲೋ ಬೀಳುತ್ತದೆ. ಕಲ್ಲನ್ನು ಮೊದಲು ತಳದಲ್ಲಿ ಕೂರಿಸಿ ಆಮೇಲೆ ಮರಳು ಸುರಿಯಬೇಕು. ಸಾಧ್ಯವಾದರೆ ಕ್ಯಾಟ್‌ಫಿಶ್ ಮೊದಲು ಬರಲಿ, ಸಿಕ್ಲಿಡ್ ಆಮೇಲೆ. ಸಿಕ್ಲಿಡ್ ಆಗಲೇ ಇದ್ದರೆ, ಹೊಸಬರನ್ನು ಬಿಡುವ ದಿನ ಕಲ್ಲು, ಕೊರಡುಗಳನ್ನೆಲ್ಲ ಅತ್ತಿತ್ತ ಮಾಡಿ, ದೀಪ ಆರಿಸಿ ಬಿಡಬೇಕು. ಬದುಗಳೆಲ್ಲ ಅಳಿಸಿಹೋದ ಗದ್ದೆಯಲ್ಲಿ ಎಲ್ಲರೂ ಹೊಸಬರೇ.

ಊಟ ರಾತ್ರಿ ಹತ್ತಕ್ಕೆ. ಸಿಕ್ಲಿಡ್‌ಗಳಿಗೆ ಸಂಜೆಯೇ ಹೊಟ್ಟೆ ತುಂಬಿಸಿ, ದೀಪ ಆರಿಸಿ ಅರ್ಧ ಗಂಟೆ ಬಿಟ್ಟು, ಮುಳುಗುವ ಕಾಳನ್ನು ಪೈಪುಗಳ ಬಾಯಿಯ ಹತ್ತಿರವೇ ಹಾಕಬೇಕು. ಮೇಲಿನವರ ಎಂಜಲಿನಲ್ಲೇ ಬದುಕಿಕೊಳ್ಳಲಿ ಎಂದು ಬಿಟ್ಟ ಕ್ಯಾಟ್‌ಫಿಶ್‌ಗಳು ತಿಂಗಳುಗಟ್ಟಲೆ ಹಸಿದು, ತಲೆ ದಪ್ಪ, ಮೈ ಸಣಕಲಾಗಿ ಸಾಯುತ್ತವೆ.

ಕಸ ತಿನ್ನುವ ಮೀನು ಎನ್ನುವ ಮಾತು ನನಗೆ ಅಷ್ಟು ನೋಯುವುದಕ್ಕೆ ಇನ್ನೊಂದು ಕಾರಣವಿದೆ. ಕ್ಯಾಟ್‌ಫಿಶ್‌ನ ನಾಲಗೆ ಅದರ ಬಾಯಿಗಷ್ಟೇ ಸೀಮಿತವಲ್ಲ. ಮೀಸೆಗಳ ತುಂಬ, ಮೈಯ ಚರ್ಮದ ತುಂಬ ರುಚಿಮೊಗ್ಗುಗಳಿವೆ. ಅಮೆರಿಕದ ಚಾನಲ್ ಕ್ಯಾಟ್‌ಫಿಶ್‌ನ ಮೈಮೇಲೆ ಅವು ಒಂದು ಲಕ್ಷಕ್ಕೂ ಹೆಚ್ಚು. ತಾನಿರುವ ನೀರನ್ನು ಮೈಯೆಲ್ಲ ನಾಲಗೆಯಾಗಿ ಸವಿಯುವ ಪ್ರಾಣಿ ಅದು. ಕೊಳೆತ ನೀರಿನಲ್ಲಿ ಅದರ ಪಾಡನ್ನು ಊಹಿಸಿ. ಎಷ್ಟೋ ಕ್ಯಾಟ್‌ಫಿಶ್‌ಗಳ ಮೈಗೆ ಹುರುಪೆಯಿಲ್ಲ. ಆದ್ದರಿಂದ ಸಿಕ್ಲಿಡ್‌ನ ಗಾಯಕ್ಕೆಂದು ನಾವು ಹಿಡಿಗಟ್ಟಲೆ ಸುರಿಯುವ ಕಲ್ಲುಪ್ಪು, ಹಸಿರು ಔಷಧಿ ಇವಕ್ಕೆ ಬೇಗ ತಟ್ಟುತ್ತವೆ. ಮದ್ದು ಬೇಕಾದ ಮೀನನ್ನು ಬೇರೆ ತೊಟ್ಟಿಗೆ ತೆಗೆದೇ ಮದ್ದು ಹಾಕಬೇಕು. ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸುವ ಕೆಲಸ, ಆರಡಿ ಟ್ಯಾಂಕಿಗೆ ಸುಮಾರು ಹದಿನೈದು ಬಕೆಟ್, ನಮ್ಮದೇ. ಅದನ್ನು ಯಾವ ಮೀನಿಗೂ ವಹಿಸಲಾಗುವುದಿಲ್ಲ. ನಲ್ಲಿಯ ನೀರಿನ ಕ್ಲೋರಿನ್ ತೆಗೆಯಲು ಹೈಪೋ ಹರಳು ಬೇಕು. ತೆಗೆದ ನೀರು ನಮ್ಮ ಮನೆಯ ತೆಂಗಿಗೆ, ದಾಸವಾಳಕ್ಕೆ ಹೋಗುತ್ತದೆ. ಅವು ನಳನಳಿಸುವುದನ್ನು ನೋಡಿದರೆ ಆ ನೀರಿನಲ್ಲಿ ಏನಿತ್ತೆಂದು ತಿಳಿಯುತ್ತದೆ.

ಮೊನ್ನೆ ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ. ನಾಲ್ಕಡಿ ಟ್ಯಾಂಕನ್ನು ಆರಡಿಗೆ ಬದಲಿಸಲು ಅಕ್ಕ ಒಪ್ಪಿದ್ದಾಳೆ, ಹಾಲಿನ ಮೂಲೆಯಲ್ಲಿದ್ದ ಶೋಕೇಸು ಜಾಗ ಬಿಟ್ಟುಕೊಟ್ಟಿದೆ. ರೆಡ್‌ಟೇಲ್ ಅಂಗಡಿಯಲ್ಲೇ ಉಳಿಯಿತು. ರಾಫೇಲ್ ಎರಡು ಹೇಳಿಟ್ಟಿದ್ದಾನೆ, ಬರಲು ವಾರ ಹಿಡಿಯುತ್ತದಂತೆ. ಅಲ್ಲಿಯವರೆಗೆ ಮರಳಿನಲ್ಲಿ ಅರ್ಧ ಹೂತ ಮೂರು ಪೈಪುಗಳ ಫೋಟೊ ಕಳಿಸಿ, “ಸರಿಯಾಗಿದೆಯಾ ಮಾವ?” ಎಂದು ಕೇಳಿದ್ದ. ಒಂದರ ಬಾಯಿ ಗಾಜಿನ ಕಡೆಗೆ ತಿರುಗಿತ್ತು. ಗೋಡೆಯ ಕಡೆಗೆ ತಿರುಗಿಸು, ಅವಕ್ಕೆ ಕತ್ತಲೆ ಇಷ್ಟ ಎಂದೆ.